ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದು ಅಂತ ಕಲಿತೆ, ಇಲ್ಲಿ ಎಲ್ಲರೂ ಹಾಕುತ್ತಾರೆ. ಏನು ಮಾಡಲಿ?

ಕಾಡುಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನರ್ಸಿಂಗ್ ಮುಗಿಸಿ ಒಂದು ಚಿಕ್ಕ ಕ್ಲಿನಿಕ್ ಸೇರಿ ಎರಡು ತಿಂಗಳಾಯಿತು. ಒಬ್ಬರು ಡಾಕ್ಟರ್, ಒಬ್ಬರು ಹಿರಿಯ ಸಿಸ್ಟರ್, ನಾನು, ಮತ್ತೆ ಗುಡಿಸಿ ಒರೆಸಲು ಬರುವ ಒಬ್ಬ ಅಮ್ಮ. ಅಷ್ಟೇ ಜನ. ದಿನಕ್ಕೆ ಇಪ್ಪತ್ತು ಇಂಜೆಕ್ಷನ್ ಆಗುತ್ತದೆ, ಜ್ವರದ ಸಮಯದಲ್ಲಿ ಇನ್ನೂ ಜಾಸ್ತಿ.

ಹಿರಿಯ ಸಿಸ್ಟರ್ ಕೈ ತುಂಬಾ ಹಗುರ. ಚುಚ್ಚಿದ್ದೇ ಗೊತ್ತಾಗಲಿಲ್ಲ ಅಂತ ಜನ ಹೇಳುತ್ತಾರೆ, ಮಕ್ಕಳೂ ಅವರ ಹತ್ತಿರ ಅಳುವುದು ಕಡಿಮೆ. ಅವರ ಮೇಲೆ ನನಗೆ ದೂರಿಲ್ಲ. ಆದರೆ ಕಾಲೇಜಿನಲ್ಲಿ ಹೇಳಿಕೊಟ್ಟದ್ದಕ್ಕೂ ಇಲ್ಲಿ ನಡೆಯುವುದಕ್ಕೂ ತಾಳೆ ಆಗುತ್ತಿಲ್ಲ.

ಇಂಜೆಕ್ಷನ್ ಕೊಟ್ಟ ಮೇಲೆ ಸೂಜಿಗೆ ಮತ್ತೆ ಕ್ಯಾಪ್ ಹಾಕಿ ಟ್ರೇನಲ್ಲಿ ಇಡುತ್ತೇವೆ. ಯಾಕೆಂದರೆ ಸೂಜಿ ಹಾಕುವ ಡಬ್ಬ ಇರುವುದು ಕೋಣೆಯ ಆ ಮೂಲೆಯಲ್ಲಿ, ಸಿಂಕ್ ಕೆಳಗೆ. ನಾಲ್ಕೈದು ಸೇರಿದ ಮೇಲೆ ಒಟ್ಟಿಗೆ ತೆಗೆದುಕೊಂಡು ಹೋಗಿ ಹಾಕುವುದು. ಹತ್ತು ಡೋಸ್‌ನ ಬಾಟಲಿಯ ರಬ್ಬರ್‌ಗೆ ಒಂದು ಸೂಜಿ ಚುಚ್ಚಿಟ್ಟಿರುತ್ತಾರೆ, ಬಂದವರಿಗೆಲ್ಲ ಅದರಿಂದಲೇ ಸಿರಿಂಜ್‌ಗೆ ಎಳೆಯುವುದು. ಮೊನ್ನೆ ಒಬ್ಬ ರೋಗಿಗೆ ಇನ್ನೂ ಅರ್ಧ ಎಂಎಲ್ ಬೇಕಾಯಿತು. ಸೂಜಿ ಮಾತ್ರ ಬದಲಾಯಿಸಿ, ಅದೇ ಸಿರಿಂಜ್‌ನಲ್ಲಿ ಅದೇ ಬಾಟಲಿಯಿಂದ ಮತ್ತೆ ಎಳೆದರು. "ಅದೇ ರೋಗಿಗೆ ತಾನೇ" ಅಂದರು. ನಾನು ಸುಮ್ನೆ ಇದ್ದೆ.

ಈಗ ಬರೆಯಲು ಕಾರಣ ಹೋದ ವಾರ ಆದದ್ದು. ಕ್ಯಾಪ್ ಹಾಕುವಾಗ ಹಿಂದಿನಿಂದ ಯಾರೋ ಕರೆದರು. ತಿರುಗಿದೆ. ಸೂಜಿ ಕ್ಯಾಪ್‌ನ ಪಕ್ಕಕ್ಕೆ ಜಾರಿ ನನ್ನ ಎಡಗೈ ಹೆಬ್ಬೆರಳಿನ ಉಗುರಿಗೆ ತಾಗಿತು. ಗೀರು ಬಿತ್ತು ಅಷ್ಟೇ, ಚರ್ಮ ಹರಿಯಲಿಲ್ಲ, ರಕ್ತ ಬರಲಿಲ್ಲ. ದೀಪದ ಕೆಳಗೆ ಹಿಡಿದು ನಾಲ್ಕು ಸಲ ನೋಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಗ್ಲೌಸ್ ಹಾಕಿಕೊಂಡರೆ ಸಾಕಾ? ಬಾಟಲಿ ವಿಷಯದಲ್ಲಿ ಸರಿಯಾದ ಕ್ರಮ ಏನು? ಸೊಂಟಕ್ಕೆ ಕೊಡುವಾಗ ನರಕ್ಕೆ ತಾಗದ ಹಾಗೆ ಜಾಗ ಹೇಗೆ ಗುರುತಿಸುತ್ತೀರಿ? ಎಲ್ಲಕ್ಕಿಂತ ಹೆಚ್ಚಾಗಿ, ನನಗಿಂತ ಇಷ್ಟು ಅನುಭವ ಇರುವವರಿಗೆ ಇದನ್ನು ಹೇಗೆ ಹೇಳುವುದು? ದಯವಿಟ್ಟು ತಿಳಿದವರು ಹೇಳಿ.

ವಾರ್ಡ್ ನಂಬರ್ 4

ತಂಗಿ, ಉಗುರಿನ ಸುತ್ತ ಸಿಪ್ಪೆ ಎದ್ದ ಜಾಗ, ಹಸಿ ಗಾಯ ಏನಾದರೂ ಇತ್ತಾ ಅಂತ ಇನ್ನೊಂದು ಸಲ ನೆನಪು ಮಾಡಿಕೋ. ಇದ್ದರೆ ನಿಮ್ಮ ಡಾಕ್ಟರ್‌ಗೆ ಇವತ್ತೇ ಹೇಳು. ನಾಚಿಕೊಳ್ಳುವ ವಿಷಯ ಅಲ್ಲ ಇದು. ರಕ್ತದಿಂದ ಹರಡುವ ಲಿವರ್ ಕಾಯಿಲೆ ಹೆಪಟೈಟಿಸ್ ಬಿ, ಅದರ ಲಸಿಕೆ ಮೂರೂ ಡೋಸ್ ಆಗಿದೆಯಾ? ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತ ಕೊಟ್ಟು ಅದು ಹಿಡಿದಿದೆಯಾ ಅಂತ ನೋಡಿಸಿದ್ದೀಯಾ? ಬಹಳ ಜನ ಲಸಿಕೆ ಹಾಕಿಸಿಕೊಂಡು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಪರೀಕ್ಷೆಯಲ್ಲಿ 10 ಅಥವಾ ಅದಕ್ಕಿಂತ ಮೇಲೆ ಬಂದರೆ ರಕ್ಷಣೆ ಇದೆ ಅಂತ ಅರ್ಥ.

ಈಗ ಕ್ಯಾಪ್ ವಿಷಯ. ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ನನ್ನ ಜೊತೆ ಕೆಲಸ ಮಾಡಿದವರಿಗೆ ಸೂಜಿ ಚುಚ್ಚಿದ್ದನ್ನು ಎಷ್ಟು ಸಲ ನೋಡಿದ್ದೇನೋ, ಅದರಲ್ಲಿ ರೋಗಿಗೆ ಚುಚ್ಚುವ ಹೊತ್ತಿನಲ್ಲಿ ಆದದ್ದು ಬಹಳ ಕಡಿಮೆ. ಆಗುವುದೆಲ್ಲ ಅದಾದ ಮೇಲಿನ ಅರ್ಧ ನಿಮಿಷದಲ್ಲಿ. ಚುಚ್ಚುವಾಗ ಮನಸ್ಸೆಲ್ಲ ಸೂಜಿಯ ಮೇಲೆ ಇರುತ್ತದೆ. ಹೊರಗೆ ತೆಗೆದ ಕೂಡಲೇ ಕೆಲಸ ಮುಗಿಯಿತು ಅಂತ ಮನಸ್ಸು ಬೇರೆ ಕಡೆ ಹೋಗುತ್ತದೆ, ಒಂದು ಕೈ ಹತ್ತಿ ಒತ್ತುತ್ತಿರುತ್ತದೆ, ಮಗು ಒದೆಯುತ್ತದೆ, ನಿನಗಾದ ಹಾಗೆ ಯಾರೋ ಕರೆಯುತ್ತಾರೆ. ಆ ಹೊತ್ತಿನಲ್ಲಿ ಎರಡು ಕೈಯನ್ನೂ ಒಂದಕ್ಕೊಂದು ಎದುರು ತಂದು ಸಣ್ಣ ತೂತಿಗೆ ಸೂಜಿ ಸೇರಿಸುವ ಕೆಲಸ ಕೊಟ್ಟರೆ ಯಾವತ್ತಾದರೂ ತಪ್ಪಿಯೇ ತಪ್ಪುತ್ತದೆ. ಕೈ ಎಷ್ಟೇ ಹಗುರ ಇರಲಿ.

ಹಾಗಾಗಿ ಬಳಸಿದ ಸೂಜಿಗೆ ಕ್ಯಾಪ್ ಹಾಕಲೇಬಾರದು, ಬಗ್ಗಿಸಬಾರದು, ಕೈಯಿಂದ ಸಿರಿಂಜ್‌ನಿಂದ ಬಿಚ್ಚಲೂಬಾರದು. ಸಿರಿಂಜ್ ಸಮೇತ ಹಾಗೇ ಡಬ್ಬಕ್ಕೆ. ಆದರೆ ನಿಮ್ಮಲ್ಲಿ ತಪ್ಪು ಇರುವುದು ಡಬ್ಬ ಇಟ್ಟ ಜಾಗದಲ್ಲಿ ಅಂತ ನನಗೆ ಅನ್ನಿಸುತ್ತದೆ. ಡಬ್ಬ ಸಿಂಕ್ ಕೆಳಗೆ ಇದ್ದರೆ ಯಾರಾದರೂ ಕ್ಯಾಪ್ ಹಾಕಿಯೇ ಹಾಕುತ್ತಾರೆ. ತೆರೆದ ಸೂಜಿ ಹಿಡಿದು ಕೋಣೆ ದಾಟುವುದಕ್ಕಿಂತ ಅದೇ ವಾಸಿ ಅಂತ ಅವರಿಗೆ ಅನ್ನಿಸಿರುತ್ತದೆ. ಡಬ್ಬವನ್ನು ಇಂಜೆಕ್ಷನ್ ಕೊಡುವ ಜಾಗಕ್ಕೆ ತಾ. ಕೈಗೆಟಕುವ ಹಾಗೆ, ಅದರ ಬಾಯಿ ನಿನ್ನ ಕಣ್ಣಿಗೆ ಕಾಣುವ ಎತ್ತರಕ್ಕೆ. ಮಕ್ಕಳ ಕೈಗೆ ಸಿಗಬಾರದು, ಅದೊಂದು ನೋಡಿಕೋ. ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿಬಿಡು. ತುಂಬಿ ತುಳುಕುವ ಡಬ್ಬಕ್ಕೆ ಇನ್ನೊಂದು ಸಿರಿಂಜ್ ತುರುಕುವಾಗ ಒಳಗಿನ ಸೂಜಿ ಚುಚ್ಚಿದ್ದನ್ನು ನಾನೇ ನೋಡಿದ್ದೇನೆ.

ಬೇರೆ ದಾರಿಯೇ ಇಲ್ಲದೆ ಕ್ಯಾಪ್ ಹಾಕಬೇಕಾಗಿ ಬಂದರೆ ಒಂದೇ ಕೈ ಬಳಸು. ಕ್ಯಾಪ್ ಅನ್ನು ಮೇಜಿನ ಮೇಲೆ ಮಲಗಿಸು, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೋ, ಸೂಜಿಯ ತುದಿಯಿಂದಲೇ ಕ್ಯಾಪ್ ಅನ್ನು ಎತ್ತಿಕೊಂಡು ಮೇಜಿಗೆ ಒತ್ತಿ ಭದ್ರ ಮಾಡು. ನೀರು ತುಂಬಿದ ಹೊಸ ಸಿರಿಂಜ್ ಹಿಡಿದು ಹತ್ತು ಸಲ ಅಭ್ಯಾಸ ಮಾಡಿದರೆ ಬಂದುಬಿಡುತ್ತದೆ.

ಬಾಟಲಿಯ ರಬ್ಬರ್‌ನಲ್ಲಿ ಸೂಜಿ ಬಿಡುವುದು ಬೇಡವೇ ಬೇಡ. ಮನೆ ಬಾಗಿಲು ರಾತ್ರಿಯಿಡೀ ತೆರೆದಿಟ್ಟ ಹಾಗೆ ಅದು. ಗಾಳಿ, ಧೂಳು, ಕೈ ತಾಗಿದ ಕೊಳೆ ಎಲ್ಲ ನೇರ ಔಷಧಿಗೆ ಇಳಿಯುತ್ತದೆ. ಪ್ರತಿ ಸಲ ರಬ್ಬರ್ ಮೇಲೆ ಸ್ಪಿರಿಟ್ ಹತ್ತಿಯಲ್ಲಿ ಚೆನ್ನಾಗಿ ಉಜ್ಜು, ಒಣಗಲು ಬಿಡು, ಹೊಸ ಸೂಜಿ, ಹೊಸ ಸಿರಿಂಜ್. ಅದೇ ರೋಗಿಗೆ ಎರಡನೇ ಸಲ ಎಳೆಯುವುದಾದರೂ ಎರಡೂ ಹೊಸದೇ. ಬಾಟಲಿ ತೆರೆದ ದಿನ ಅದರ ಮೇಲೆ ತಾರೀಕು ಬರೆ. ಕಂಪನಿ ಬೇರೆ ಹೇಳಿರದಿದ್ದರೆ 28 ದಿನ, ಆಮೇಲೆ ಔಷಧಿ ಉಳಿದಿದ್ದರೂ ಬಿಸಾಡಬೇಕು. ತಾರೀಕೇ ಇಲ್ಲದ ತೆರೆದ ಬಾಟಲಿ ಕಂಡರೆ ಅದನ್ನೂ ಬಿಸಾಡು. ಒಂದೇ ಡೋಸ್‌ನ ಬಾಟಲಿಯಲ್ಲಿ ಸಾಮಾನ್ಯವಾಗಿ ಕೆಡದಂತೆ ಕಾಯುವ ರಾಸಾಯನಿಕ ಇರುವುದಿಲ್ಲ, ಅದರಲ್ಲಿ ಮಿಕ್ಕಿದ್ದನ್ನು ಇನ್ನೊಬ್ಬರಿಗೆ ಎತ್ತಿಡಬಾರದು. ಎರಡು ಬಾಟಲಿಯ ತಳದಲ್ಲಿ ಉಳಿದದ್ದನ್ನು ಒಂದಕ್ಕೆ ಸೇರಿಸುವುದೂ ಇದೆ ಕೆಲವು ಕಡೆ. ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಹಿರಿಯರಿಗೆ ಹೇಳುವುದು ಹೇಗೆ ಅಂತ ಕೇಳಿದೆಯಲ್ಲ. "ನೀವು ಮಾಡುವುದು ತಪ್ಪು" ಅಂತ ಶುರು ಮಾಡಬೇಡ. "ಅಕ್ಕ, ಮೊನ್ನೆ ಸೂಜಿ ಉಗುರಿಗೆ ತಾಗಿದಾಗಿನಿಂದ ನನಗೆ ಕ್ಯಾಪ್ ಹಾಕಲು ಭಯ, ಡಬ್ಬ ಇಲ್ಲೇ ಮೇಜಿನ ಪಕ್ಕ ಇಟ್ಟುಕೊಳ್ಳಲಾ?" ಅಂತ ಕೇಳು. ಅದು ನಿಜ ಕೂಡ. ಬೇಡ ಅನ್ನುವವರು ಕಡಿಮೆ. ಒಂದು ಸಲ ಡಬ್ಬ ಪಕ್ಕಕ್ಕೆ ಬಂದರೆ ಅವರ ಕೈಯೂ ತಾನಾಗಿ ಅಲ್ಲಿಗೇ ಹೋಗುತ್ತದೆ.

ಸಂಜೆಗಾಳಿ

ನಾನು ಹಳಬ. ಕಾಂಪೌಂಡರ್ ಆಗಿ ಬಹಳ ವರ್ಷ ಕೆಲಸ ಮಾಡಿದವನು. ಗಾಜಿನ ಸಿರಿಂಜ್ ಕುದಿಸಿ ಕುದಿಸಿ ಬಳಸಿದ ಕಾಲ ಕಂಡಿದ್ದೇನೆ. ವಾದ ಮಾಡಲು ಅಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಸೂಜಿ ಬದಲಾಯಿಸಿದರೆ ಸಾಕು ಅಂತ ನಮಗೆ ಹೇಳಿಕೊಟ್ಟದ್ದು. ಮೈಯೊಳಗೆ ಹೋಗುವುದು ಸೂಜಿ ತಾನೇ, ಸಿರಿಂಜ್ ಹೊರಗೇ ಇರುತ್ತದೆ. ಅದೇ ರೋಗಿಗೆ ಮತ್ತೆ ಎಳೆದರೆ ತೊಂದರೆ ಎಲ್ಲಿಂದ ಬರುತ್ತದೆ? ಇಷ್ಟು ವರ್ಷದಲ್ಲಿ ನಮ್ಮಲ್ಲಿ ಯಾರಿಗೂ ಏನೂ ಆದ ಹಾಗೆ ಕಾಣಲಿಲ್ಲ.

ಓಪಿಡಿ ಡಾಕ್ಟರ್

ಸಂಜೆಗಾಳಿ ಸರ್, ನೀವು ಕೇಳಿದ್ದು ಒಳ್ಳೆಯದಾಯಿತು. ಕೇಳದೆ ಮಾಡುತ್ತಿರುವವರು ಬಹಳ ಜನ ಇದ್ದಾರೆ.

ಸೂಜಿ ಮತ್ತು ಸಿರಿಂಜ್ ಬೇರೆ ಬೇರೆ ವಸ್ತು ಅಂತ ನಮಗೆ ಕಾಣುತ್ತದೆ, ಆದರೆ ಒಳಗೆ ಅದು ಒಂದೇ ಕೊಳವೆ. ಮೈಯಿಂದ ಹೊರಗೆ ಬಂದ ಸೂಜಿಯನ್ನು ಸಿರಿಂಜ್‌ನಿಂದ ಎಳೆದು ಬಿಚ್ಚುವಾಗ ಒಳಗೆ ಸಣ್ಣ ಎಳೆತ ಉಂಟಾಗಿ ಸೂಜಿಯಲ್ಲಿದ್ದ ರಕ್ತದ ಅಂಶ ಸಿರಿಂಜ್ ಬಾಯಿಗೆ ಬರುತ್ತದೆ. ಕಣ್ಣಿಗೆ ಕಾಣುವಷ್ಟು ಇರುವುದೇ ಇಲ್ಲ. ಈಗ ಅದೇ ಸಿರಿಂಜ್‌ಗೆ ಹೊಸ ಸೂಜಿ ಹಾಕಿ ಬಾಟಲಿಗೆ ಚುಚ್ಚಿದರೆ ಆ ಅಂಶ ಬಾಟಲಿಗೆ ಇಳಿಯುತ್ತದೆ. ಆ ರೋಗಿಗೆ ಅವನದೇ ರಕ್ತ, ತೊಂದರೆ ಇಲ್ಲ. ತೊಂದರೆ ಆಗುವುದು ಮಧ್ಯಾಹ್ನ ಅದೇ ಬಾಟಲಿಯಿಂದ ಇಂಜೆಕ್ಷನ್ ತೆಗೆದುಕೊಳ್ಳುವ ಬೇರೆಯವರಿಗೆ. ಅವರಿಗೆ ಕೊಡುವಾಗ ನೀವು ಹೊಸ ಸಿರಿಂಜ್, ಹೊಸ ಸೂಜಿ ಬಳಸಿರುತ್ತೀರಿ. ಎಲ್ಲ ಸರಿ ಮಾಡಿದ್ದೇನೆ ಅಂದುಕೊಂಡಿರುತ್ತೀರಿ. ಆದರೆ ಬಾಟಲಿಯೇ ಕೆಟ್ಟಿರುತ್ತದೆ.

ಇದು ಊಹೆ ಅಲ್ಲ. ಅಮೆರಿಕದ ನೆವಾಡಾದಲ್ಲಿ, ಕೊಳವೆ ಹಾಕಿ ಹೊಟ್ಟೆಯೊಳಗೆ ನೋಡುವ ಒಂದು ಎಂಡೋಸ್ಕೋಪಿ ಕೇಂದ್ರದಲ್ಲಿ ಹೆಪಟೈಟಿಸ್ ಸಿ ಹರಡಿದ್ದು ಹೀಗೆಯೇ, ಅದು ಗೊತ್ತಾದದ್ದು 2008ರಲ್ಲಿ. ಅರಿವಳಿಕೆ ಔಷಧಿಯನ್ನು ಅದೇ ರೋಗಿಗೆ ಅದೇ ಸಿರಿಂಜ್‌ನಲ್ಲಿ ಮತ್ತೆ ಎಳೆದರು, ಬಾಟಲಿಯಲ್ಲಿ ಮಿಕ್ಕಿದ್ದನ್ನು ಮುಂದಿನವರಿಗೆ ಬಳಸಿದರು. ಆಮೇಲೆ ಅಲ್ಲಿಗೆ ಹೋಗಿಬಂದ 60,000ಕ್ಕೂ ಹೆಚ್ಚು ಜನರಿಗೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ತಿಳಿಸಬೇಕಾಯಿತು. ಕುದಿಸುವ ಕಾಲದ ಬಗ್ಗೆಯೂ ಹೇಳಿದಿರಿ. ಈಜಿಪ್ಟ್‌ನಲ್ಲಿ 1950ರ ದಶಕದಿಂದ 80ರ ದಶಕದ ಆರಂಭದವರೆಗೆ ಒಂದು ಪರಾವಲಂಬಿ ಹುಳುವಿನ ಕಾಯಿಲೆ ಓಡಿಸಲು ಊರೂರಿಗೆ ಹೋಗಿ ಇಂಜೆಕ್ಷನ್ ಕೊಟ್ಟರು. ಉದ್ದೇಶ ಒಳ್ಳೆಯದೇ. ಗಾಜಿನ ಸಿರಿಂಜ್‌ಗಳು ಸರಿಯಾಗಿ ಕುದಿಯಲಿಲ್ಲ. ಆ ದೇಶದಲ್ಲಿ ಹೆಪಟೈಟಿಸ್ ಸಿ ಅಷ್ಟು ಜಾಸ್ತಿ ಆಗಲು ಅದೇ ದೊಡ್ಡ ಕಾರಣ.

ಏನೂ ಆದ ಹಾಗೆ ಕಾಣಲಿಲ್ಲ ಅಂದಿರಲ್ಲ, ಅದಕ್ಕೂ ಕಾರಣ ಇದೆ. ಹೆಪಟೈಟಿಸ್ ಸಿ ಬಂದವರಲ್ಲಿ ಹೆಚ್ಚಿನವರಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ಕಳೆದು ಲಿವರ್ ಕೆಟ್ಟಾಗ ಯಾವ ಇಂಜೆಕ್ಷನ್‌ನಿಂದ ಬಂತು ಅಂತ ಯಾರಿಗೆ ನೆನಪಿರುತ್ತದೆ? ತೊಂದರೆ ಕೊಟ್ಟ ಕೈಗೆ ಅದು ಕಾಣುವುದೇ ಇಲ್ಲ. ಇನ್ಸುಲಿನ್ ಪೆನ್‌ಗೂ ಇದೇ ಮಾತು. ಸೂಜಿ ಬದಲಾಯಿಸಿದರೂ ಒಬ್ಬರ ಪೆನ್ ಇನ್ನೊಬ್ಬರಿಗೆ ಬಳಸಬಾರದು.

ಕಾಡುಮಲ್ಲಿಗೆ ಸಿಸ್ಟರ್, ಈಗ ನಿಮ್ಮ ಜಾಗದ ಪ್ರಶ್ನೆ. ಸೊಂಟಕ್ಕೆ ಅಂತ ನಾವು ಹೇಳಿದರೂ ಹೆಚ್ಚಿನವರು ಕೊಡುವುದು ಹಿಂಭಾಗದ ಪಿರ್ರೆಗೆ. ಅಲ್ಲೇ ಕೆಳಗೆ ಕಾಲಿಗೆ ಹೋಗುವ ದಪ್ಪ ನರ ಇದೆ. ಒಂದಿಷ್ಟು ಕೆಳಗೆ ಅಥವಾ ಒಳಗೆ ಬಿದ್ದರೆ ಪಾದ ಎತ್ತಲು ಆಗದಂತಾಗಬಹುದು, ಕೆಲವರಿಗೆ ಅದು ಪೂರ್ತಿ ವಾಪಸ್ ಬರುವುದಿಲ್ಲ. ಹಿಂಭಾಗಕ್ಕೇ ಕೊಡಬೇಕಾದರೆ, ಪಿರ್ರೆಯನ್ನು ನಾಲ್ಕು ಪಾಲು ಮಾಡಿದರೆ ಬರುವ ಮೇಲಿನ ಹೊರಬದಿಯ ಪಾಲಿಗೆ ಮಾತ್ರ. ಬಟ್ಟೆ ಪೂರ್ತಿ ಸರಿಸಿ ನೋಡಿಯೇ ಕೊಡಬೇಕು. ಸೀರೆ, ಪ್ಯಾಂಟ್ ಎರಡು ಬೆರಳಷ್ಟು ಇಳಿಸಿ ಅಂದಾಜಿನಲ್ಲಿ ಚುಚ್ಚುವುದು ಬೇಡ. ಸಂಕೋಚ ಆಗುತ್ತದೆ, ನಿಜ. ಪರದೆ ಎಳೆದುಕೊಳ್ಳಿ.

ಅದಕ್ಕಿಂತ ಒಳ್ಳೆಯ ಜಾಗ ಸೊಂಟದ ಪಕ್ಕ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಬಲ ಸೊಂಟ ಮೇಲೆ ಬರುತ್ತದೆ. ನಿಮ್ಮ ಎಡಗೈ ಬಳಸಿ. ತೊಡೆಮೂಳೆ ಮೇಲೆ ಹೊರಕ್ಕೆ ಉಬ್ಬಿರುವ ಗಡಸು ಗಂಟು ಕೈಗೆ ಸಿಗುತ್ತದೆ, ಅಂಗೈಯ ಬುಡವನ್ನು ಅದರ ಮೇಲೆ ಇಡಿ. ತೋರುಬೆರಳನ್ನು ಮುಂದೆ ಸೊಂಟದ ಮೂಳೆಯ ಮೊನೆಗೆ ತಾಗಿಸಿ. ನಡುಬೆರಳನ್ನು ಹಿಂದಕ್ಕೆ, ಸೊಂಟದ ಮೂಳೆಯ ಅಂಚಿನ ಕಡೆಗೆ ಅಗಲಿಸಿ. ಎರಡು ಬೆರಳ ನಡುವಿನ ಜಾಗದ ಮಧ್ಯಕ್ಕೆ ನೇರವಾಗಿ ಚುಚ್ಚಿ. ಅಲ್ಲಿ ದೊಡ್ಡ ನರವೂ ಇಲ್ಲ, ದೊಡ್ಡ ರಕ್ತನಾಳವೂ ಇಲ್ಲ. ಮೊದಲು ನಿಮ್ಮ ಮೈಮೇಲೇ ಹುಡುಕಿ ನೋಡಿ, ನಿಂತುಕೊಂಡೇ ಸಿಗುತ್ತದೆ.

ತೋಳಿಗೆ ಕೊಡುವಾಗ ಜನ ಬಹಳ ಮೇಲೆ ಕೊಡುತ್ತಾರೆ. ಭುಜದ ತುದಿಯ ಮೂಳೆ ಮುಟ್ಟಿ, ಅದರಿಂದ ಎರಡು ಮೂರು ಬೆರಳು ಕೆಳಗೆ, ಮಾಂಸ ದಪ್ಪ ಇರುವಲ್ಲಿ. ಮೇಲೆ ಬಿದ್ದರೆ ಔಷಧಿ ಕೀಲಿನ ಹತ್ತಿರ ಸೇರಿ ತಿಂಗಳುಗಟ್ಟಲೆ ಕೈ ಎತ್ತಲು ನೋವು. ತೋಳಿನ ಆ ಸ್ನಾಯು ಚಿಕ್ಕದು, ಒಂದು ಎಂಎಲ್ ಆರಾಮ, ಎರಡಕ್ಕಿಂತ ಜಾಸ್ತಿ ಬೇಡ. ಇನ್ನೂ ನಡೆಯದ ಮಕ್ಕಳಿಗೆ ತೊಡೆಯ ಮುಂಭಾಗದ ಹೊರಬದಿ, ಅಷ್ಟೇ. ಅವರಿಗೆ ಪಿರ್ರೆಗೆ ಬೇಡ.

ಇನ್ನೊಂದು ಯಾರೂ ಕೇಳಲಿಲ್ಲ, ಆದರೂ ಹೇಳಲೇಬೇಕು. ಲೇಬಲ್ ಓದುವುದು. ಕಪಾಟಿನಿಂದ ತೆಗೆಯುವಾಗ ಒಂದು ಸಲ, ಸಿರಿಂಜ್‌ಗೆ ಎಳೆಯುವಾಗ ಒಂದು ಸಲ, ಕೊಡುವ ಮೊದಲು ಇನ್ನೊಂದು ಸಲ. ಬಾಯಿಬಿಟ್ಟು ಓದಿ. 2014ರಲ್ಲಿ ಸಿರಿಯಾದಲ್ಲಿ ದಡಾರ ಲಸಿಕೆಯ ಪುಡಿ ಕಲಸುವ ನೀರಿನ ಬದಲು ಸ್ನಾಯುಗಳನ್ನು ಸಡಿಲಗೊಳಿಸುವ ಔಷಧಿ ಬಳಕೆಯಾಗಿ 15 ಮಕ್ಕಳು ಸತ್ತರು. ಎರಡರ ಬಾಟಲಿಯೂ ನೋಡಲು ಒಂದೇ ತರ, ಎರಡೂ ಒಂದೇ ಫ್ರಿಜ್‌ನಲ್ಲಿದ್ದವು. ಅದನ್ನು ಓದಿದ ಮೇಲೆ ನಮ್ಮ ಫ್ರಿಜ್‌ನಲ್ಲಿ ಲಸಿಕೆ ಮತ್ತು ಅದರ ನೀರು ಬಿಟ್ಟು ಬೇರೆ ಏನನ್ನೂ ಇಡಲು ನಾನು ಬಿಟ್ಟಿಲ್ಲ.

ಮತ್ತೆ, ಇಂಜೆಕ್ಷನ್ ಕೊಡುವ ಜಾಗದಲ್ಲಿ ಅಡ್ರಿನಲಿನ್ ಆಂಪೂಲ್ (ಔಷಧಿ ಮೈಗೆ ಒಗ್ಗದೆ ಜೀವಕ್ಕೇ ಅಪಾಯ ಆದಾಗ ಕೊಡುವ ಔಷಧಿಯ ಪುಟ್ಟ ಸೀಸೆ) ಇದೆಯಾ, ಅವಧಿ ಮೀರಿದೆಯಾ ಅಂತ ನಾಳೆ ಹೋಗಿ ನೋಡಿ. ಕೊಟ್ಟ ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದು, ತುಟಿ ಊತ, ಉಸಿರು ಕಟ್ಟುವುದು, ಬಿಪಿ ಇಳಿಯುವುದು ಕಂಡರೆ ಡಾಕ್ಟರ್‌ನ ಕೂಗಿ, ಮಲಗಿಸಿ, ಕಾಲು ಎತ್ತರಿಸಿ. ಉಸಿರಾಡಲು ಕಷ್ಟ ಇದ್ದರೆ ಕೂರಲು ಬಿಡಿ. ಎದ್ದು ನಡೆಯಲು ಮಾತ್ರ ಬಿಡಬೇಡಿ. ದೊಡ್ಡವರಿಗೆ 1:1000 ಅಡ್ರಿನಲಿನ್ ಅರ್ಧ ಎಂಎಲ್, ತೊಡೆಯ ಹೊರಬದಿಯ ಸ್ನಾಯುವಿಗೆ. ಮಕ್ಕಳಿಗೆ ತೂಕದ ಲೆಕ್ಕ, ಕೆಜಿಗೆ 0.01 ಎಂಎಲ್, ಅರ್ಧ ಎಂಎಲ್ ಮೀರಬಾರದು. ಐದು ನಿಮಿಷಕ್ಕೆ ಸುಧಾರಿಸದಿದ್ದರೆ ಮತ್ತೆ. ಈ ಲೆಕ್ಕವನ್ನು ನಿಮ್ಮ ಡಾಕ್ಟರ್ ಸಹಿ ಹಾಕಿಸಿ ಗೋಡೆಗೆ ಅಂಟಿಸಿ, ಆ ಹೊತ್ತಿನಲ್ಲಿ ಯಾರಿಗೂ ನೆನಪಿಗೆ ಬರುವುದಿಲ್ಲ. ಇಂಜೆಕ್ಷನ್ ಆದ ಎಲ್ಲರನ್ನೂ 15 ನಿಮಿಷ ಕೂರಿಸಿಕೊಳ್ಳಿ. ಹದಿಹರೆಯದ ಮಕ್ಕಳು ಸೂಜಿ ನೋಡಿಯೇ ತಲೆ ತಿರುಗಿ ಬೀಳುತ್ತಾರೆ, ಅವರಿಗೆ ನಿಲ್ಲಿಸಿ ಕೊಡಲೇಬೇಡಿ.

ಬೆಳಗಿನ ಪಾಳಿ

ನಾನು ನರ್ಸ್ ಅಲ್ಲ, ಡಾಕ್ಟರ್ ಅಲ್ಲ. ಒಂದು ಕ್ಲಿನಿಕ್‌ನಲ್ಲಿ ಕಸ ತೆಗೆದು ನೆಲ ಒರೆಸುವ ಕೆಲಸ ಮಾಡುತ್ತಿದ್ದೆ. ಮಗಳ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದೇನೆ.

ಕಸದ ಚೀಲ ಎತ್ತಿಕೊಂಡು ಹೊರಗೆ ಹೋಗುವಾಗ ಅದು ಕಾಲಿಗೆ ತಾಗುತ್ತಿತ್ತು. ಯಾವತ್ತೂ ಹಾಗೆಯೇ ಎತ್ತುತ್ತಿದ್ದೆ. ಆವತ್ತು ತೊಡೆಗೆ ಚುರ್ ಅಂತ ಆಯಿತು. ಇರುವೆ ಇರಬೇಕು ಅಂದುಕೊಂಡೆ. ಮನೆಗೆ ಹೋಗಿ ನೋಡಿದರೆ ಲಂಗದ ಮೇಲೆ ರಕ್ತದ ಚುಕ್ಕೆ. ವಾಪಸ್ ಹೋಗಿ ಚೀಲ ನೋಡಿದೆ. ಹತ್ತಿ, ಕಾಗದದ ಜೊತೆ ಸೂಜಿ ಸಿಕ್ಕಿಸಿದ ಒಂದು ಸಿರಿಂಜ್. ಕ್ಯಾಪ್ ಹಾಕಿದ್ದರೇನೋ, ಚೀಲದಲ್ಲಿ ಕಳಚಿತ್ತು.

ಅದು ಯಾರಿಗೆ ಚುಚ್ಚಿದ ಸೂಜಿ ಅಂತ ಯಾರಿಗೂ ಗೊತ್ತಿಲ್ಲ. ಹಾಗಾಗಿ ಆ ರೋಗಿಯ ರಕ್ತ ಪರೀಕ್ಷೆ ಮಾಡುವ ಮಾತೇ ಇಲ್ಲ. ನನಗೆ ಹೆಪಟೈಟಿಸ್ ಲಸಿಕೆ ಯಾರೂ ಹಾಕಿಸಿರಲಿಲ್ಲ. ಅದು ನರ್ಸ್‌ಗಳಿಗೆ ಅಂತ ನಾನೂ ಅಂದುಕೊಂಡಿದ್ದೆ. ಮಾರನೇ ದಿನ ದೊಡ್ಡ ಆಸ್ಪತ್ರೆಗೆ ಹೋದೆ. ಲಸಿಕೆ ಹಾಕಿದರು, ಜೊತೆಗೆ ಇನ್ನೊಂದು ಇಂಜೆಕ್ಷನ್ ಕೊಟ್ಟರು, 28 ದಿನ ಮಾತ್ರೆ ನುಂಗಲು ಹೇಳಿದರು. ಮಾತ್ರೆ ತಿಂದರೆ ಹೊಟ್ಟೆ ತೊಳೆಸುತ್ತಿತ್ತು. ಒಂದು ದಿನವೂ ಬಿಡಲಿಲ್ಲ. ಆರು ವಾರಕ್ಕೆ ಒಂದು ಪರೀಕ್ಷೆ, ಮೂರು ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ಅಷ್ಟು ದಿನ ಮಕ್ಕಳಿಗೆ ಮುತ್ತು ಕೊಡಲೂ ಹೆದರಿದೆ. ಹಾಗೆ ಹರಡುವುದಿಲ್ಲ ಅಂತ ಡಾಕ್ಟರ್ ಹೇಳಿದ್ದರು. ಆದರೂ ಮನಸ್ಸು ಕೇಳಲಿಲ್ಲ.

ಏನೂ ಬರಲಿಲ್ಲ. ಈಗ ಚೆನ್ನಾಗಿದ್ದೇನೆ. ಆದರೆ ನೀವು ಸೂಜಿ ಎಲ್ಲಿ ಹಾಕುತ್ತೀರಿ ಅಂತ ನೋಡಿ. ಚೀಲ ಕಟ್ಟುವ ಕೈ ಬೇರೆಯವರದು. ನಿಮ್ಮಲ್ಲಿ ಬರುವ ಆ ಅಮ್ಮನಿಗೆ ಲಸಿಕೆ ಆಗಿದೆಯಾ ಅಂತ ಕೇಳಮ್ಮ.

ಓಪಿಡಿ ಡಾಕ್ಟರ್

ಅಮ್ಮ, ಬರೆಸಿದ್ದಕ್ಕೆ ತುಂಬಾ ಥ್ಯಾಂಕ್ಸ್. ನೀವು ಮಾರನೇ ದಿನವೇ ಹೋದದ್ದು, ಮಾತ್ರೆ ಪೂರ್ತಿ ಮಾಡಿದ್ದು ದೊಡ್ಡದು.

ಉಳಿದವರಿಗೂ ಹೇಳುತ್ತೇನೆ. ಬಳಸಿದ ಸೂಜಿ ಚುಚ್ಚಿದರೆ ಮೊದಲು ನೀರು, ಸೋಪು. ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಿ ರಕ್ತ ತೆಗೆಯಬೇಡಿ, ಬಾಯಿಗೆ ಇಡಬೇಡಿ, ಬ್ಲೀಚ್ ಹಾಕಬೇಡಿ. ಕೂಡಲೇ ಡಾಕ್ಟರ್‌ಗೆ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಮೊದಲ ಕೆಲವು ಗಂಟೆಗಳಲ್ಲೇ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಭಾನುವಾರ ಇತ್ತು, ರಜೆ ಇತ್ತು ಅಂತ ಕಾಯಬೇಡಿ.

ಎಲ್ಲರೂ ಹೆದರುವುದು ಎಚ್‌ಐವಿಗೆ. ಸೋಂಕಿರುವವರ ಸೂಜಿ ಚುಚ್ಚಿದರೆ ಅದು ಹರಡುವುದು ಸಾವಿರಕ್ಕೆ ಸುಮಾರು 3 ಸಲ. ಹೆಪಟೈಟಿಸ್ ಸಿ ಹೆಚ್ಚೆಂದರೆ ನೂರಕ್ಕೆ 2. ಹೆಪಟೈಟಿಸ್ ಬಿ ಮಾತ್ರ, ಲಸಿಕೆ ಇಲ್ಲದವರಿಗೆ, ನೂರಕ್ಕೆ 6ರಿಂದ 30. ಈ ಮೂರರಲ್ಲಿ ಲಸಿಕೆ ಇರುವುದು ಅದೊಂದಕ್ಕೇ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಈಗ ಎರಡು ಮೂರು ತಿಂಗಳ ಮಾತ್ರೆಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನ ಗುಣ ಆಗುತ್ತಾರೆ. ಪರೀಕ್ಷೆ ಮಾಡಿಸಿಕೊಂಡರೆ ತಾನೇ ಗೊತ್ತಾಗುವುದು.

ಸಂಜೆಗಾಳಿ

ಡಾಕ್ಟರೇ, ಓದಿದೆ. ಎರಡು ಸಲ ಓದಿದೆ. ಬಾಟಲಿ ಕೆಡುತ್ತದೆ ಅನ್ನುವುದು ನಮಗೆ ಯಾರೂ ಹೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನನ್ನ ಹತ್ತಿರ ಕೆಲಸ ಕಲಿತ ಇಬ್ಬರು ಹುಡುಗರು ಈಗಲೂ ಕ್ಲಿನಿಕ್‌ಗಳಲ್ಲಿದ್ದಾರೆ. ಇವತ್ತು ಸಂಜೆ ಇಬ್ಬರಿಗೂ ಫೋನ್ ಮಾಡುತ್ತೇನೆ.

ಕಾಡುಮಲ್ಲಿಗೆ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಬೆಳಗಿನ ಪಾಳಿ ಅಮ್ಮ, ನಿಮ್ಮದನ್ನು ಓದಿ ಕಣ್ಣು ತುಂಬಿತು. ನಮ್ಮ ಕ್ಲಿನಿಕ್‌ಗೆ ಬರುವ ಅಮ್ಮನನ್ನು ಕೇಳಿದೆ. ಲಸಿಕೆ ಆಗಿಲ್ಲ. ಹಾಗೊಂದು ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ.

ಅಕ್ಕ, ನನ್ನ ಬೆರಳಿನಲ್ಲಿ ಹಸಿ ಗಾಯ ಇರಲಿಲ್ಲ. ಆದರೂ ಡಾಕ್ಟರ್‌ಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ, ಪುಸ್ತಕ ತೆಗೆದು ಬರೆದುಕೊಂಡರು. ಲಸಿಕೆ ಮೂರೂ ಆಗಿದೆ, ರಕ್ತ ಪರೀಕ್ಷೆ ಮಾಡಿಸಿರಲಿಲ್ಲ, ಈಗ ಕೊಟ್ಟಿದ್ದೇನೆ. ಗ್ಲೌಸ್ ಬಗ್ಗೆ ಯಾರೂ ಹೇಳಲಿಲ್ಲ, ಅದೊಂದು ಹೇಳಿ. ಮತ್ತೆ ಸ್ಟೀಲ್ ಡಬ್ಬಿಯಲ್ಲಿ ಬೆಳಿಗ್ಗೆಯೇ ಹತ್ತಿ ಉಂಡೆ ಮಾಡಿ ಸ್ಪಿರಿಟ್ ಸುರಿದು ಇಡುತ್ತೇವೆ, ಸಂಜೆವರೆಗೂ ಅದೇ. ಅದು ಸರಿಯಾ?

ವಾರ್ಡ್ ನಂಬರ್ 4

ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ ತಂಗಿ. ಚರ್ಮ ಚೆನ್ನಾಗಿರುವ ರೋಗಿಗೆ ಸ್ನಾಯುವಿಗೋ ಚರ್ಮದ ಕೆಳಗೋ ಕೊಡುವಾಗ ಅದು ಕಡ್ಡಾಯವೂ ಅಲ್ಲ. ನಿನ್ನ ಕೈಯಲ್ಲಿ ಗಾಯ ಇದ್ದರೆ, ರಕ್ತ ತಾಗುವ ಹಾಗಿದ್ದರೆ, ರಕ್ತನಾಳಕ್ಕೆ ಕೊಡುವಾಗ ಹಾಕಿಕೋ, ಒಬ್ಬ ರೋಗಿಗೆ ಒಂದು ಜೊತೆ. ಕೆಲವರು ಬೆಳಿಗ್ಗೆ ಹಾಕಿದ ಗ್ಲೌಸ್‌ನಲ್ಲೇ ಮಧ್ಯಾಹ್ನದವರೆಗೆ ಎಲ್ಲರನ್ನೂ ಮುಟ್ಟುತ್ತಾರೆ. ತಮ್ಮ ಕೈ ಶುಚಿಯಾಗಿದೆ ಅಂತ ಅವರಿಗೆ ಅನ್ನಿಸುತ್ತದೆ, ರೋಗಿಯ ಕಡೆಯಿಂದ ನೋಡಿದರೆ ತೊಳೆಯದ ಕೈಯೇ. ಪ್ರತಿ ರೋಗಿಯ ಮೊದಲು, ಆಮೇಲೆ ಕೈ ತೊಳೆಯುವುದೇ ದೊಡ್ಡದು.

ನೆನೆಸಿಟ್ಟ ಹತ್ತಿ ಬೇಡ. ಒಂದೊಂದೇ ಎತ್ತುವಾಗ ಎಲ್ಲರ ಬೆರಳೂ ಡಬ್ಬಿಯೊಳಗೆ ಹೋಗುತ್ತದೆ, ಸ್ಪಿರಿಟ್ ಆರುತ್ತಾ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ಒದ್ದೆ ಹತ್ತಿ ಅಷ್ಟೇ. ಒಣ ಹತ್ತಿ ಇಟ್ಟುಕೋ, ಬೇಕಾದಾಗ ಅದರ ಮೇಲೆ ಸ್ಪಿರಿಟ್ ಹಾಕು. ಅಥವಾ ಒಂದೊಂದೇ ಪೊಟ್ಟಣದಲ್ಲಿ ಬರುವುದು. ಮಧ್ಯದಿಂದ ಹೊರಕ್ಕೆ ಒರೆಸು, 30 ಸೆಕೆಂಡ್ ಒಣಗಲು ಬಿಡು. ಊದಬೇಡ. ಒಣಗುವ ಮೊದಲೇ ಚುಚ್ಚಿದರೆ ಉರಿಯುತ್ತದೆ, ಕ್ರಿಮಿಯೂ ಸಾಯುವುದಿಲ್ಲ. ಅಷ್ಟು ಹೊತ್ತು ರೋಗಿಯ ಹತ್ತಿರ ಮಾತಾಡು, ಹಿಂದೆ ಯಾವ ಔಷಧಿಗಾದರೂ ಮೈ ಒಗ್ಗದೆ ತೊಂದರೆ ಆಗಿತ್ತಾ ಅಂತ ಇನ್ನೊಮ್ಮೆ ಕೇಳು.

ಕಾಡುಮಲ್ಲಿಗೆ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅಕ್ಕ ಹೇಳಿದ ಹಾಗೇ ಕೇಳಿದೆ, ಅದೇ ಮಾತಿನಲ್ಲಿ. ಹಿರಿಯ ಸಿಸ್ಟರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರೇ ಸಿಂಕ್ ಕೆಳಗಿಂದ ಡಬ್ಬ ತಂದು ಇಂಜೆಕ್ಷನ್ ಮೇಜಿನ ಪಕ್ಕ ಇಟ್ಟರು. ತಮಗೆ ಎರಡು ಸಲ ಸೂಜಿ ಚುಚ್ಚಿದೆ, ಯಾರಿಗೂ ಹೇಳಿಲ್ಲ ಅಂದರು. ಅವರನ್ನೂ ಪರೀಕ್ಷೆಗೆ ಕಳಿಸಿದೆವು. ಎಲ್ಲ ಸರಿ ಇದೆ.

ಬಾಟಲಿಯಲ್ಲಿ ಸೂಜಿ ಬಿಡುವುದು ನಿಂತಿದೆ. ಈಗ ತಾರೀಕು ಬರೆಯುವುದು ಅವರೇ, ಮಾರ್ಕರ್ ಪೆನ್ ಜೇಬಿನಲ್ಲೇ ಇರುತ್ತದೆ. ಫ್ರಿಜ್‌ನಲ್ಲಿ ತಾರೀಕು ಇಲ್ಲದ ಮೂರು ಬಾಟಲಿ ಇತ್ತು, ಬಿಸಾಡಿದೆವು. ಅಡ್ರಿನಲಿನ್ ನೋಡಿದರೆ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು, ಡಾಕ್ಟರ್ ಅವತ್ತೇ ಹೊಸದು ತರಿಸಿದರು. ಸೊಂಟದ ಪಕ್ಕದ ಜಾಗ ನಾನೂ ಸಿಸ್ಟರ್ ಇಬ್ಬರೂ ಒಬ್ಬರ ಮೇಲೊಬ್ಬರು ಕೈಯಿಟ್ಟು ಕಲಿತೆವು. ಅವರಿಗೆ ನನಗಿಂತ ಬೇಗ ಸಿಕ್ಕಿತು.

ಅಮ್ಮನಿಗೆ ನಿನ್ನೆ ಮೊದಲ ಡೋಸ್ ಹಾಕಿದೆ, ಎಡ ತೋಳಿಗೆ. ಚುಚ್ಚುವಾಗ ಕಣ್ಣು ಗಟ್ಟಿ ಮುಚ್ಚಿಕೊಂಡಿದ್ದರು. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ. ಎರಡೂ ತಾರೀಕು ಅವರ ಚೀಟಿಯಲ್ಲೂ ಬರೆದಿದ್ದೇನೆ, ಗೋಡೆಯ ಕ್ಯಾಲೆಂಡರ್‌ನಲ್ಲೂ ಸುತ್ತು ಹಾಕಿದ್ದೇನೆ.